ಹಿಡಿ ಇಲ್ಲದ ಮನೆಯ ಕಾರ್ಯದರ್ಶಿ

ಆ ಮನೆಯಲ್ಲಿ ಇದ್ದದ್ದು ಐದು ಬಾಗಿಲು. ಐದಕ್ಕೂ ಐದು ಬುದ್ಧಿ.

ಮುಂಬಾಗಿಲು ಸುಮ್ಮನೆ ನೂಕಿದರೆ ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ. ಒಳಗೆ ಹೋಗುವ ಆಸೆಯೇ ತನಗಿಲ್ಲ ಎಂಬಂತೆ ಒಮ್ಮೆ ತನ್ನ ಕಡೆಗೆ ಎಳೆದುಕೊಂಡು, ಅದು ನಂಬಿದ ಮೇಲೆ ಥಟ್ಟನೆ ನೂಕಬೇಕು. ಮಲಗುವ ಕೋಣೆಯ ಹಿಡಿ ಕೈಗೇ ಕಿತ್ತು ಬರುತ್ತಿತ್ತು. ಅದನ್ನು ಮತ್ತೆ ತೂತಿಗೆ ಸಿಕ್ಕಿಸಿ, ಅಂಗೈಯಲ್ಲಿ ಒತ್ತಿ ಹಿಡಿದು ತಿರುಗಿಸಬೇಕು. ಹಿತ್ತಿಲ ಬಾಗಿಲ ಚಿಲಕ ಸವೆದು ಸವೆದು ಕಡ್ಡಿಯಂತಾಗಿ ನಿಲ್ಲದೆ ಜಾರುತ್ತಿದ್ದುದರಿಂದ ಅದರ ಸಂದಿಗೆ ಒಂದು ಚಮಚ ತುರುಕಿಡುತ್ತಿದ್ದರು. ಊಟಕ್ಕೆ ಕೂತಾಗ ಒಂದು ಚಮಚ ಕಡಿಮೆ ಬಿದ್ದರೆ ಅದು ಎಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಡುಗೆಮನೆಯ ಹಿಡಿಯನ್ನು ಲೋಕದಲ್ಲೆಲ್ಲ ಮಾಡುವ ಹಾಗೆ ಕೆಳಕ್ಕೆ ಒತ್ತುವಂತಿಲ್ಲ. ಮೇಲಕ್ಕೆ ಎತ್ತಬೇಕು, ಎತ್ತಿದ ಗಳಿಗೆಗೇ ಕದದ ಬುಡಕ್ಕೆ ಮೊಣಕಾಲಿನಿಂದ ಒಂದು ಗುದ್ದು ಕೊಡಬೇಕು. ಇನ್ನು ಬಚ್ಚಲ ಮನೆಯ ಚಿಲಕ. ಅದು ಒಳಗೆ ಹೋಗುವಾಗ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಹೊರಗೆ ಬರುವುದು ಮಾತ್ರ ಅದರ ಮರ್ಜಿ.

ಮನೆಯ ಯಜಮಾನನಿಗೂ ಅವನ ಹೆಂಡತಿಗೂ ಇದೊಂದು ತೊಂದರೆ ಎಂದೇ ತೋಚಿರಲಿಲ್ಲ. ಕಟ್ಟಿಕೊಂಡ ಸಂಸಾರದ ಹಾಗೆ ಬಾಗಿಲುಗಳನ್ನೂ ನಡೆಸಿಕೊಂಡು ಹೋಗುತ್ತಿದ್ದರು. ಕಷ್ಟವಾದದ್ದು ಅಕ್ಕನಿಗೆ.

ಅಕ್ಕ ಎಂದರೆ ಯಜಮಾನನ ಒಡಹುಟ್ಟಿದವಳು, ಅವನಿಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ಎತ್ತಿ ಆಡಿಸಿ, ಮೂಗು ಒರೆಸಿ, ಶಾಲೆಗೆ ದರದರ ಎಳೆದುಕೊಂಡು ಹೋಗಿ ಅವನನ್ನು ಮನುಷ್ಯನನ್ನಾಗಿ ಮಾಡಿದವಳು. ಎರಡು ವರ್ಷದ ಹಿಂದೆ ಹತ್ತು ದಿನ ಇದ್ದುಹೋಗೋಣ ಎಂದು ಬಂದವಳು ಮೊದಲ ದಿನವೇ ಸ್ನಾನಕ್ಕೆ ಹೋಗಿ ಒಳಗೇ ಉಳಿದುಬಿಟ್ಟಳು. ಚಿಲಕ ಬರಲೊಲ್ಲದು. ಎರಡು ಗಂಟೆ. ಹೊರಗೆ ತಮ್ಮ ಸ್ಟೂಲು ಹಾಕಿಕೊಂಡು ಕೂತು, ಅಕ್ಕನಿಗೆ ಬೇಸರವಾಗದಿರಲಿ ಎಂದು ಅಂದಿನ ಪತ್ರಿಕೆಯನ್ನು ಜೋರಾಗಿ ಓದಿ ಹೇಳಿದ. ಸುದ್ದಿ ಮುಗಿದ ಮೇಲೆ ಜಾಹೀರಾತು ಓದಿದ. ಜಾಹೀರಾತು ಮುಗಿದ ಮೇಲೆ ನಿಧನ ವಾರ್ತೆ ಓದಿದ. ಕೊನೆಗೆ ಅಕ್ಕ ತನ್ನ ತಲೆಯ ಪಿನ್ನಿನಿಂದ ಮೀಟಿ ಮೀಟಿ, ಚಿಲಕದ ಮೂತಿ ಸೊಟ್ಟ ಮಾಡಿ, ತಾನೇ ಹೊರಗೆ ಬಂದಳು. ಬಂದವಳು ಸೀದಾ ಪೆಟ್ಟಿಗೆ ಕಟ್ಟಿದಳು.

"ನಿನ್ನ ಮನೆ ಬಾಗಿಲುಗಳು ಮನುಷ್ಯರ ಕೈಗೆ ಬಗ್ಗೋ ದಿನ ಬರ್ತೀನಿ, ಪುಟ್ಟಾ. ಅಲ್ಲಿತನಕ ಈ ಕಡೆ ತಲೆ ಹಾಕಿ ಮಲಗಲ್ಲ" ಎಂದು ಹೋದವಳು ಎರಡು ವರ್ಷ ಬರಲೇ ಇಲ್ಲ.

ಈ ಬುಧವಾರ ಅವಳ ಫೋನು ಬಂತು. "ಭಾನುವಾರ ಬರ್ತೀನಿ. ಹೊಸ್ತಿಲಲ್ಲೇ ಪೆಟ್ಟಿಗೆ ಇಟ್ಟು ಐದೂ ಬಾಗಿಲು ತೆಗೆದು ಹಾಕಿ ನೋಡ್ತೀನಿ. ಒಂದೇ ಒಂದು ಹಟ ಮಾಡಿದ್ರೂ ಅದೇ ಬಸ್ಸಿಗೆ ವಾಪಸ್. ಆಮೇಲೆ ನೀನಾಗಿ ಕರೆದರೂ ಇಲ್ಲ."

ಯಜಮಾನ ಫೋನು ಇಟ್ಟು ಹೆಂಡತಿಗೆ ಹೇಳಿದ. ಹೆಂಡತಿಯ ಕಣ್ಣು ಅರಳಿತು. ಅತ್ತಿಗೆ ಎಂದರೆ ಅವಳಿಗೂ ಪ್ರಾಣ. ಮದುವೆಯಾದ ಹೊಸತರಲ್ಲಿ ಗಂಡನ ಬಗ್ಗೆ ತಿಳಿದುಕೊಳ್ಳಬೇಕಾದದ್ದನ್ನೆಲ್ಲ, ಬೇಡದ್ದನ್ನೂ ಸೇರಿಸಿ, ಹೇಳಿಕೊಟ್ಟವಳೇ ಅವಳು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಆ ವಾರ ಯಜಮಾನ ಬರೀ ಯಜಮಾನನಾಗಿರಲಿಲ್ಲ, ಕಾರ್ಯದರ್ಶಿಯಾಗಿದ್ದ.

ಅದು ಆದದ್ದು ಹೀಗೆ. ಮೂಲೆಮನೆಯ ನಿವೃತ್ತ ಹೆಡ್‌ಮಾಸ್ತರ ಮುಂಬಾಗಿಲಿನ ಹಿತ್ತಾಳೆ ಹಿಡಿ ಸೋಮವಾರ ಬೆಳಿಗ್ಗೆ ನೋಡಿದರೆ ಇರಲಿಲ್ಲ. ಹೆಡ್‌ಮಾಸ್ತರು ಬೀದಿಯವರನ್ನೆಲ್ಲ ತಮ್ಮ ಜಗುಲಿಗೆ ಕರೆಸಿ, ಹಾಜರಿ ತೆಗೆದುಕೊಂಡು, ಊರಿಗೆ ಹಿಡಿಕಳ್ಳರು ಬಂದಿದ್ದಾರೆಂದು ಸಾರಿದರು. ಕಾವಲು ಸಮಿತಿಯೊಂದು ಆಗಲೇಬೇಕಾಯಿತು. ಅಧ್ಯಕ್ಷರು ಯಾರು ಎಂಬ ಪ್ರಶ್ನೆ ಏಳಲಿಲ್ಲ, ಏಕೆಂದರೆ ಅವರು ಆಗಲೇ ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ನಿಯಮ ಬರೆಯುವವರು ಯಾರು ಎಂದಾಗ ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡರು. ನಮ್ಮವನು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತ, ಜೇಬಿನಲ್ಲಿ ಪೆನ್ನಿತ್ತು. ಅಷ್ಟೇ ಸಾಕಾಯಿತು. ಮರುದಿನದಿಂದ ಜೇಬಿನಲ್ಲಿ ಎರಡು ಪೆನ್ನು.

ಅವನು ಬರೆದ ನೋಟೀಸು ಇಡೀ ಬೀದಿಯ ಕಂಬಗಳ ಮೇಲೆ ಅಂಟಿತು. ಕಚೇರಿಯಲ್ಲಿ ಇಪ್ಪತ್ತು ವರ್ಷ ಬೇರೆಯವರ ನಿಯಮ ನಕಲು ಮಾಡಿದವನು, ಸ್ವಂತ ನಿಯಮ ಬರೆಯುವ ಯೋಗ ಬಂದಾಗ ಹಿಂದೆಮುಂದೆ ನೋಡುತ್ತಾನೆಯೇ?

ಒಂದು: ಹಿಡಿ, ಚಿಲಕ ಮುಂತಾದವನ್ನು ಒಯ್ಯುವವರನ್ನು ತಡೆದು ನಿಲ್ಲಿಸತಕ್ಕದ್ದು. ಎರಡು: ಪರಿಚಿತರೆಂದು ಬಿಡತಕ್ಕದ್ದಲ್ಲ, ಪರಿಚಯವೇ ಕಳ್ಳನ ಬಂಡವಾಳ. ಮೂರು: "ನನ್ನ ಮನೆಯದು" ಎಂಬ ಉತ್ತರವನ್ನು ಒಪ್ಪತಕ್ಕದ್ದಲ್ಲ, ಎಲ್ಲ ಕಳ್ಳರೂ ಹಾಗೇ ಹೇಳುತ್ತಾರೆ. ನಾಲ್ಕು: ಅಂಗಡಿಯವರ ಸಾಕ್ಷಿ ನಡೆಯತಕ್ಕದ್ದಲ್ಲ, ಮಾಲು ಕೊಳ್ಳುವವರು ಅವರೇ ಆಗಿರಬಹುದು. ಐದು: ಮನೆಯವರೊಬ್ಬರು ಖುದ್ದಾಗಿ ಎದುರಿಗೆ ಬಂದು, ಗುರುತು ಹೇಳಿ, ಮಾಲು ತಮ್ಮದೆಂದು ಸಾಧಿಸತಕ್ಕದ್ದು.

ಹೆಡ್‌ಮಾಸ್ತರು ಓದಿ, ಕೆಂಪು ಶಾಯಿಯಲ್ಲಿ "ಉತ್ತಮ" ಎಂದು ಬರೆದರು. ನೂರು ಪ್ರತಿ ಅಚ್ಚಾಯಿತು. ಕಂಬಗಳು ಹದಿನಾಲ್ಕೇ ಇದ್ದುದರಿಂದ ಉಳಿದ ಕಟ್ಟು ಕಾರ್ಯದರ್ಶಿಯ ಮನೆಯಲ್ಲಿತ್ತು.

ಶನಿವಾರ ಬೆಳಿಗ್ಗೆ ಕಾರ್ಯದರ್ಶಿ ಸ್ಕ್ರೂಡ್ರೈವರ್ ಹಿಡಿದು ನಿಂತ.

"ಹಳೇದು ತಂದರೆ ಅಳತೆ ನೋಡಿ ಸರಿಯಾದ್ದು ಕೊಡ್ತೀನಿ ಅಂದಿದಾನೆ ಹಾರ್ಡ್‌ವೇರ್ ಅಂಗಡಿಯವನು" ಎಂದ.

"ಒಂದು ಬಿಚ್ಚಿ, ತಗೊಂಡು ಹೋಗಿ, ಹೊಸದು ತಂದು ಹಾಕಿ. ಆಮೇಲೆ ಇನ್ನೊಂದಕ್ಕೆ ಕೈ ಹಚ್ಚಿ" ಎಂದಳು ಹೆಂಡತಿ.

"ಐದು ಸಲ ಹೋಗಿಬರೋಕೆ ನಾನೇನು ಪೋಸ್ಟ್‌ಮ್ಯಾನಾ? ಕಚೇರಿಯಲ್ಲಿ ಒಂದು ದೂರು ಮುಗಿಸಿ ಇನ್ನೊಂದು ತಗೊಂಡರೆ ಕೆಲಸ ಸಾಗತ್ತಾ? ಎಲ್ಲಾ ಒಟ್ಟಿಗೆ ತಗೋಬೇಕು."

"ಅದಕ್ಕೇ ತಿಂಗಳುಗಟ್ಟಲೆ ಯಾರ ಮನೆಗೂ ಕರೆಂಟ್ ಬರಲ್ಲ."

ಕಾರ್ಯದರ್ಶಿ ಈ ಮಾತನ್ನು ಕಡತಕ್ಕೆ ಸೇರಿಸಿಕೊಳ್ಳಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಐದೂ ಬಾಗಿಲಿನ ಹಿಡಿ, ಚಿಲಕ ಎಲ್ಲ ಬಿಚ್ಚಿ ನೆಲದ ಮೇಲೆ ಸಾಲಾಗಿ ಮಲಗಿಸಿದ. ಮಿಕ್ಕಿದ್ದು ಒಂದೇ: ಅಡುಗೆಮನೆಯ ಕದದ ಹೊಟ್ಟೆಯಲ್ಲಿರುವ ನಾಲಿಗೆ. ಹಿಡಿ ತಿರುಗಿಸಿದರೆ ಒಳಕ್ಕೆ ಸರಿದು, ಬಿಟ್ಟರೆ ಚೌಕಟ್ಟಿಗೆ ಕಚ್ಚಿಕೊಳ್ಳುವ ಕಬ್ಬಿಣದ ತುಂಡು ಅದು. ಅದರ ಸ್ಕ್ರೂಗಳು ತುಕ್ಕು ಹಿಡಿದು ಕೂತಿದ್ದರಿಂದ, "ಇರಲಿ, ನಾಲಿಗೆ ಒಂದರಿಂದ ಏನಾಗತ್ತೆ" ಎಂದು ಬಿಟ್ಟ. ನಾಲಿಗೆ ಒಂದರಿಂದಲೇ ಈ ಲೋಕದಲ್ಲಿ ಏನೆಲ್ಲ ಆಗಿದೆ ಎಂಬುದು ಕಚೇರಿಯಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಗೊತ್ತಿರಬೇಕಿತ್ತು.

ಒಂದೊಂದನ್ನೂ ಕಾಗದದಲ್ಲಿ ಸುತ್ತಿದ. ಕಾಗದಕ್ಕೆ ಬರವಿರಲಿಲ್ಲ, ನೋಟೀಸಿನ ಕಟ್ಟು ಇತ್ತಲ್ಲ. ಎಲ್ಲವನ್ನೂ ಕೈಚೀಲಕ್ಕೆ ತುಂಬಿ ಹೊರಟ.

ಅವನು ಬೀದಿ ದಾಟಿರಲಿಕ್ಕಿಲ್ಲ, ಹಿತ್ತಿಲಿಂದ ಗಾಳಿ ಬೀಸಿತು. ಅಡುಗೆಮನೆಯ ಕದ ದಢಾರನೆ ಮುಚ್ಚಿಕೊಂಡಿತು. ನಾಲಿಗೆ ಕಚ್ಚಿತು. ಒಳಗೆ ಹೆಂಡತಿ. ಹಿಡಿ ಇದ್ದ ಜಾಗದಲ್ಲಿ ಒಂದು ತೂತು, ಅಷ್ಟೇ. ತೂತಿಗೆ ಕಣ್ಣಿಟ್ಟು ನೋಡಿದಳು, ಕೂಗಿದರೆ ಕೇಳುವವರಿಲ್ಲ. ಬುದ್ಧಿವಂತೆ, ಕಿರುಚಿ ಗಂಟಲು ಹಾಳು ಮಾಡಿಕೊಳ್ಳಲಿಲ್ಲ. ಹೇಗೂ ನಾಳೆ ಅತ್ತಿಗೆ ಬರುತ್ತಾಳೆ, ಇವತ್ತು ಯಾರೂ ಅಡ್ಡ ಬರುವಂತಿಲ್ಲ ಎಂದು ಸೆರಗು ಸಿಕ್ಕಿಸಿ ತಿಂಡಿ ಮಾಡಲು ನಿಂತಳು.

ಅಂಗಡಿಯಲ್ಲಿ ಕೆಲಸ ಬೇಗ ಮುಗಿಯಿತು. ಅಂಗಡಿಯವನು ಹಳೆಯ ಹಿಡಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಮತ್ತೆ ಅದೇ ಕಾಗದದಲ್ಲಿ ಸುತ್ತಿಟ್ಟು, "ಇವನ್ನ ಇಟ್ಕೊಂಡು ಇಷ್ಟು ದಿನ ಬದುಕಿದ್ದೀರಲ್ಲ, ನೀವೇ ಗಟ್ಟಿ" ಎಂದು ಮೆಚ್ಚಿ, ಅಳತೆಗೆ ಸರಿಯಾಗಿ ಹೊಸವನ್ನು ಕೊಟ್ಟ. ಕಾರ್ಯದರ್ಶಿ ಎಡಗೈಯಲ್ಲಿ ಹಳೆಯ ಹಿಡಿಗಳ ಚೀಲ, ಬಲಗೈಯಲ್ಲಿ ಹೊಸವುಗಳ ಚೀಲ ಹಿಡಿದು ಝಣಝಣ ಸದ್ದು ಮಾಡುತ್ತ ತನ್ನ ಬೀದಿಗೆ ತಿರುಗಿದ.

ಮೂಲೆಯಲ್ಲಿ ಹೆಡ್‌ಮಾಸ್ತರು ಕುರ್ಚಿ ಹಾಕಿಕೊಂಡು ಕೂತಿದ್ದರು. ಶನಿವಾರದ ಕಾವಲು ಅವರದು. ಪಾಳಿಯ ಪಟ್ಟಿ ಮಾಡಿದ್ದು ಕಾರ್ಯದರ್ಶಿಯೇ.

"ನಿಲ್ಲಿ" ಎಂದರು.

"ನಾನು ಸಾರ್."

"ನೀವು ಅಂತ ಕಾಣ್ತಿದೆ. ಚೀಲದಲ್ಲಿ ಏನು?"

"ಹಿಡಿ ಸಾರ್. ಚಿಲಕ. ನನ್ನ ಮನೇದು."

ಹೆಡ್‌ಮಾಸ್ತರು ಕನ್ನಡಕ ಸರಿಮಾಡಿಕೊಂಡು ಪಕ್ಕದ ಕಂಬದ ಕಡೆ ತಿರುಗಿದರು. "ಮೂರನೇ ನಿಯಮ ಓದಿ."

"ಸಾರ್, ಅದು ನಾನೇ ಬರೆದಿದ್ದು."

"ಬರೆದವರಿಗೆ ಓದೋಕೆ ಬರಲ್ವಾ? ಜೋರಾಗಿ."

ಕಾರ್ಯದರ್ಶಿ ಓದಿದ. ಓದುವಾಗ ಅವನಿಗೇ ಅನ್ನಿಸಿತು, ಬಿಗಿಯಾಗಿ ಬರೆದಿದ್ದಾನೆ. ಎಲ್ಲಿಯೂ ಒಂದು ಸಂದು ಬಿಟ್ಟಿಲ್ಲ.

"ಇಷ್ಟು ವರ್ಷದಿಂದ ನನ್ನ ನೋಡ್ತಿದೀರಿ ಸಾರ್."

"ಎರಡನೇ ನಿಯಮ."

"ಬೇಕಾದ್ರೆ ಅಂಗಡಿಯವನನ್ನ ಕೇಳಿ."

"ನಾಲ್ಕನೇದು" ಎಂದರು ಹೆಡ್‌ಮಾಸ್ತರು ಮೃದುವಾಗಿ, ಬುದ್ಧಿವಂತ ಹುಡುಗನೊಬ್ಬ ಪರೀಕ್ಷೆಯಲ್ಲಿ ಎಡವಿದಾಗ ಆಗುವ ಸಂಕಟದಿಂದ.

ಅಷ್ಟರಲ್ಲಿ ಸೈಕಲ್ ಮೇಲೆ ಪೊಲೀಸ್ ಪೇದೆ ಬಂದ. ಅವನಿಗೆ ಆ ಬೀದಿ ಬಹಳ ವರ್ಷದ ಗಸ್ತು. ತಪ್ಪಿಹೋದ ಬೆಕ್ಕು, ಗೋಡೆ ಹಾರಿ ಬಿದ್ದ ಚೆಂಡು, ಇದಕ್ಕಿಂತ ದೊಡ್ಡ ಅಪರಾಧ ಅವನ ಪಾಲಿಗೆ ಬಂದಿರಲಿಲ್ಲ. ಚೀಲದಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದ. ಹಿಡಿ. ಇನ್ನೊಂದು ಬಿಚ್ಚಿದ. ಚಿಲಕ. ಸುತ್ತಿದ ಕಾಗದವನ್ನು ಓದಿ ಅವನ ಮುಖ ಬೆಳಗಿತು.

"ಧೈರ್ಯ ನೋಡಿ ಮಾಸ್ತರೇ. ಕಳ್ಳರಿದ್ದಾರೆ ಎಚ್ಚರಿಕೆ ಅನ್ನೋ ಕಾಗದದಲ್ಲೇ ಕದ್ದ ಮಾಲು ಸುತ್ತಿದಾರೆ. ನನ್ನ ಸರ್ವೀಸಿನಲ್ಲಿ ಇಂಥಾ ತಲೆ ನೋಡಿಲ್ಲ."

"ಒಂದು ಸಲ ಮನೆಗೆ ಬನ್ನಿ. ನನ್ನ ಹೆಂಡತಿ ಹೇಳ್ತಾಳೆ" ಎಂದ ಕಾರ್ಯದರ್ಶಿ. "ಐದನೇ ನಿಯಮದ ಪ್ರಕಾರ" ಎಂದು ಸೇರಿಸಿದ. ಆ ಹೊತ್ತಿನಲ್ಲೂ ಹಾಗೆ ಸೇರಿಸಿದ್ದಕ್ಕೆ ಹೆಡ್‌ಮಾಸ್ತರು ಒಳಗೊಳಗೇ ಹೆಮ್ಮೆಪಟ್ಟರು.

ಮೂವರೂ ಹೊರಟರು. ಹಿಂದೆ ಬೀದಿಯೂ ಹೊರಟಿತು. ಹೊಲಿಯುವುದನ್ನು ಬಿಟ್ಟು ದರ್ಜಿ ಬಂದ. ಹೆಡ್‌ಮಾಸ್ತರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದರು. ಮನೆ ತಲುಪುವ ಹೊತ್ತಿಗೆ ಒಂದು ಸಣ್ಣ ಮೆರವಣಿಗೆಯೇ ಆಗಿತ್ತು.

ಮುಂಬಾಗಿಲು ಹುಟ್ಟಿದಾಗಿನಿಂದ ಮೊದಲ ಸಲ ಒಂದೇ ಬೆರಳಿಗೆ ತೆರೆಯಿತು. ಪೇದೆ ಒಳಗೆ ಕಾಲಿಟ್ಟು ಸುತ್ತ ನೋಡಿದ. ಯಾವ ಬಾಗಿಲಿಗೂ ಹಿಡಿ ಇಲ್ಲ, ಚಿಲಕ ಇಲ್ಲ. ಎಲ್ಲ ಕಡೆ ತೂತು.

"ಅಯ್ಯೋ, ನಿಮ್ಮ ಮನೇಲೂ ಕಳುವಾಗಿದೆಯಲ್ಲ ಕಾರ್ಯದರ್ಶಿಗಳೇ" ಎಂದರು ಹೆಡ್‌ಮಾಸ್ತರು, ನಿಜವಾಗಿ ನೊಂದು.

"ಕಳುವಲ್ಲ ಸಾರ್, ನಾನೇ ಬಿಚ್ಚಿದ್ದು."

ಪೇದೆ ಪುಸ್ತಕ ತೆಗೆದು, "ತಾನೇ ಬಿಚ್ಚಿದ್ದಾಗಿ ಒಪ್ಪಿಕೊಂಡ" ಎಂದು ಬರೆದ. "ಈಗ ದೂರು ಕೊಡೋರು ಯಾರು?"

"ಮನೆ ಯಜಮಾನ ಕೊಡಬೇಕು" ಎಂದರು ಹೆಡ್‌ಮಾಸ್ತರು.

"ಯಜಮಾನ ಯಾರು?"

"ನಾನು" ಎಂದ ಕಾರ್ಯದರ್ಶಿ.

"ಮಾಲು ಸಮೇತ ಸಿಕ್ಕಿದೋರು?"

"ಅದೂ ನಾನೇ."

"ಸಮಿತಿ ಕಡೆಯಿಂದ ಸಹಿ ಹಾಕಬೇಕಲ್ಲ, ಕಾರ್ಯದರ್ಶಿನ ಕರೀರಿ."

"ಇಲ್ಲೇ ಇದೀನಿ."

ಪೇದೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಒಬ್ಬೊಬ್ಬರಾಗಿ ಬನ್ನಿ ಸ್ವಾಮಿ, ನನ್ನ ತಲೆ ತಿರುಗ್ತಿದೆ."

"ರೀ, ಯಾರ್ರೀ ಅದು?" ಎಂದು ಅಡುಗೆಮನೆಯ ಕದದ ತೂತು ಕೇಳಿತು.

ಕಾರ್ಯದರ್ಶಿಗೆ ಜೀವ ಬಂದಂತಾಯಿತು. "ಅಗೋ, ನನ್ನ ಹೆಂಡತಿ. ಲೇ, ಈ ಹಿಡಿಗಳು ನಮ್ಮವು ಅಂತ ಹೇಳೇ."

"ನಮ್ಮವೇ. ಮೊದಲು ಈ ಬಾಗಿಲು ತೆಗೀರಿ."

"ಖುದ್ದಾಗಿ ಎದುರಿಗೆ ಬಂದು ಅಂತಿದೆ" ಎಂದರು ಹೆಡ್‌ಮಾಸ್ತರು. "ಧ್ವನಿ ನಡೆಯೋದಿಲ್ಲ. ಧ್ವನಿ ಯಾರದಾದ್ರೂ ಇರಬಹುದು."

ತೂತಿನಿಂದ ಒಂದು ಬೆರಳು ಹೊರಬಂದು ಅಲ್ಲಾಡಿತು. ಬೆರಳಿಗೆ ಹಿಟ್ಟು ಮೆತ್ತಿತ್ತು.

"ಬೆರಳು?" ಎಂದು ಪೇದೆ ಕೇಳಿದ.

ಹೆಡ್‌ಮಾಸ್ತರು ಸ್ವಲ್ಪ ಹೊತ್ತು ಯೋಚಿಸಿದರು. "ಇಲ್ಲ. ಪೂರ್ತಿ ಮನುಷ್ಯರು ಬೇಕು."

"ಹಾಗಾದರೆ ನಾನು ಆಗ್ತೀನಾ ನೋಡಿ" ಎಂದಿತು ಹೊಸ್ತಿಲ ಕಡೆಯಿಂದ ಒಂದು ದನಿ.

ಎಲ್ಲರೂ ತಿರುಗಿದರು. ಹೊಸ್ತಿಲ ಮೇಲೆ ಪೆಟ್ಟಿಗೆ ಇತ್ತು. ಪೆಟ್ಟಿಗೆಯ ಹಿಂದೆ ಅಕ್ಕ ಇದ್ದಳು.

ಒಂದು ಬಾಗಿಲು ಹಟ ಮಾಡಿದರೂ ವಾಪಸ್ಸು ಎಂದವಳ ಮುಂದೆ, ಒಂದಕ್ಕೂ ಹಿಡಿಯಿಲ್ಲದ ನಾಲ್ಕು ಬಾಗಿಲು ಬಾಯಿ ತೆರೆದು ನಿಂತಿದ್ದವು. ಐದನೆಯದು ಅವಳ ನಾದಿನಿಯನ್ನು ನುಂಗಿಕೊಂಡಿತ್ತು. ಪೊಲೀಸಿನವನು ಬೇರೆ.

"ಅಕ್ಕಾ, ಭಾನುವಾರ ಅಲ್ವಾ?"

"ಭಾನುವಾರ ಅಂದಿದ್ದೆ. ಪರೀಕ್ಷೆ ದಿನ ಎಲ್ಲರೂ ಓದಿರ್ತಾರೆ. ಹಿಂದಿನ ದಿನ ಏನು ಮಾಡ್ತಿರ್ತೀಯ ನೋಡೋಣ ಅಂತ ಬಂದೆ." ಬಾಗಿಲುಗಳನ್ನು ಒಂದೊಂದಾಗಿ ನೋಡಿದಳು. "ನೋಡಿದೆ."

ಪೇದೆ ವಿಷಯ ತಿಳಿಸಿದ. ಹೆಡ್‌ಮಾಸ್ತರು ನಿಯಮ ತಿಳಿಸಿದರು. ದರ್ಜಿ ಇಬ್ಬರೂ ಬಿಟ್ಟದ್ದನ್ನು ತಿಳಿಸಿದ. ಅಕ್ಕ ಎಲ್ಲವನ್ನೂ ಸಮಾಧಾನವಾಗಿ ಕೇಳಿ, ಹಳೆಯ ಹಿಡಿಗಳ ಚೀಲಕ್ಕೆ ಕೈಹಾಕಿ, ನೋಡದೆಯೇ ತಡಕಾಡಿ, ಒಂದು ಚಿಲಕ ಹೊರಗೆಳೆದಳು. ಮೂತಿ ಸೊಟ್ಟಗಿದ್ದ ಚಿಲಕ.

"ಇದು ಈ ಮನೆ ಬಚ್ಚಲದು. ನನ್ನ ಎರಡು ಗಂಟೆ ಕೂಡಿಹಾಕಿತ್ತು. ಈ ಸೊಟ್ಟ ನಾನೇ ಮಾಡಿದ್ದು, ಈ ಪಿನ್ನಿಂದ" ಎಂದು ತಲೆಯಿಂದ ಪಿನ್ನು ತೆಗೆದು ಚಿಲಕದ ಗಾಯಕ್ಕೆ ಇಟ್ಟು ತೋರಿಸಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು. "ಸ್ವಂತ ಮಕ್ಕಳ ಮುಖವನ್ನಾದ್ರೂ ಮರೀಬಹುದು, ಇದನ್ನ ಮರೆಯೋಕಾಗಲ್ಲ."

ಪೇದೆ ಬರೆದುಕೊಂಡ.

ಅಕ್ಕ ಮತ್ತೆ ಕೈಹಾಕಿ ಅಡುಗೆಮನೆಯ ಹಿಡಿ ತೆಗೆದಳು. ಅದರ ಚೌಕದ ಸರಳನ್ನು ಕದದ ತೂತಿಗೆ ತೂರಿಸಿದಳು. ಮೇಲಕ್ಕೆ ಎತ್ತಿ, ಎಪ್ಪತ್ತರ ಹತ್ತಿರದ ಮೊಣಕಾಲಿನಿಂದ ಕದದ ಬುಡಕ್ಕೆ ಒಂದು ಗುದ್ದು ಕೊಟ್ಟಳು. ಬಾಗಿಲು ಹಾರಿ ತೆರೆದುಕೊಂಡಿತು. ಒಳಗಿನಿಂದ ಕರಿದ ತಿಂಡಿಯ ಘಮಲು ಮೊದಲು ಬಂತು, ಹಿಂದೆಯೇ ಹೆಂಡತಿ ಬಂದಳು.

"ಅತ್ತಿಗೆ!"

"ಚೆನ್ನಾಗಿದೀಯೇನೇ?"

ಬೇರೆ ಸಾಕ್ಷಿ ಬೇಕಾಗಲಿಲ್ಲ. ಹೆಡ್‌ಮಾಸ್ತರು ಮಾತ್ರ ತಲೆ ತೂಗಿ, "ಸರಿ, ಇವು ಇವರವೇ. ಆದರೆ ನನ್ನ ಹಿತ್ತಾಳೆ ಹಿಡಿ ಕದ್ದವನು ಇನ್ನೂ ಹೊರಗಿದ್ದಾನೆ" ಎಂದರು ಗಂಭೀರವಾಗಿ.

"ನಿಮ್ಮ ಹಿತ್ತಾಳೆ ಹಿಡಿನಾ?" ಎಂದರು ಅವರ ಹೆಂಡತಿ ಗುಂಪಿನ ನಡುವಿನಿಂದ. "ಅದು ಕಪ್ಪಗಾಗಿತ್ತು, ಉಜ್ಜೋಕೆ ಬಿಚ್ಚಿಟ್ಟಿದೀನಿ. ಬಕೆಟ್ಟಲ್ಲಿ ನೆನೀತಿದೆ."

ಇಡೀ ಬೀದಿ ಹೆಡ್‌ಮಾಸ್ತರ ಕಡೆ ತಿರುಗಿತು.

"ಮೊದಲೇ ಯಾಕೆ ಹೇಳ್ಲಿಲ್ಲ?" ಎಂದರು ಹೆಡ್‌ಮಾಸ್ತರು.

"ನೀವು ನನ್ನ ಕೇಳಲೇ ಇಲ್ಲವಲ್ಲ. ಸಭೆ ಕರೆದಿರಿ."

ಪೇದೆ ತಾನು ಬರೆದ ಪುಟವನ್ನು ನಿಧಾನವಾಗಿ ಹರಿದು, ನಾಲ್ಕು ಮಡಿಕೆ ಮಾಡಿ, ಜೇಬಿಗಿಟ್ಟುಕೊಂಡ. ಅವನ ಮುಖ ನೋಡಲಾರದೆ ಕಾರ್ಯದರ್ಶಿಯ ಹೆಂಡತಿ ಒಂದು ತಟ್ಟೆ ತುಂಬ ತಿಂಡಿ ಕೊಟ್ಟಳು. ಎರಡು ದಿನಕ್ಕೆಂದು ಮಾಡಿದ್ದರಿಂದ ಬೀದಿಗೆಲ್ಲ ಸಾಕಾಯಿತು. ತಿಂದ ಕೈ ಸುಮ್ಮನಿರಲು ಆಗದೆ ಎಲ್ಲರೂ ಒಂದೊಂದು ಬಾಗಿಲು ಹಿಡಿದುಕೊಂಡರು. ಪೇದೆ ಮುಂಬಾಗಿಲಿಗೆ ಹಿಡಿ ಕೂರಿಸಿದ. ದರ್ಜಿ ಮಲಗುವ ಕೋಣೆಯದನ್ನು ಕಣ್ಣಳತೆಯಲ್ಲೇ ನೇರ ಮಾಡಿದ. ಹೆಡ್‌ಮಾಸ್ತರು ಪ್ರಾಯಶ್ಚಿತ್ತವೆಂದು ಅಡುಗೆಮನೆಯ ತುಕ್ಕು ಹಿಡಿದ ಸ್ಕ್ರೂಗಳಿಗೆ ಎಣ್ಣೆ ಬಿಟ್ಟುಕೊಂಡು ಬೆವರು ಸುರಿಸಿದರು. ಹಿತ್ತಿಲ ಬಾಗಿಲಿಂದ ಬಿಡುಗಡೆಯಾದ ಚಮಚ ಎಷ್ಟೋ ವರ್ಷಕ್ಕೆ ತನ್ನ ಬಳಗ ಸೇರಿತು.

ಅಕ್ಕ ಪೆಟ್ಟಿಗೆಯನ್ನು ಹೊಸ್ತಿಲ ಮೇಲೇ ಬಿಟ್ಟು, ಒಂದೊಂದು ಬಾಗಿಲನ್ನೂ ತೆಗೆದು, ಹಾಕಿ, ತೆಗೆದು ನೋಡುತ್ತ ಬಂದಳು. ನಾಲ್ಕು ಬಾಗಿಲೂ ಹೇಳಿದಂತೆ ಕೇಳಿದವು. ತೊಡಕು ಬಂದದ್ದು ಮನೆಯವರಿಗೇ. ಹೆಂಡತಿ ಅಭ್ಯಾಸಬಲದಿಂದ ಅಡುಗೆಮನೆಯ ಬಾಗಿಲಿಗೆ ಮೊಣಕಾಲು ಕೊಟ್ಟು, ಅದು ತಡೆಯದೆ ತೆರೆದುಕೊಂಡದ್ದರಿಂದ ಓಡುತ್ತಲೇ ಒಲೆಯತನಕ ಹೋಗಿ ನಿಂತಳು.

"ಬಚ್ಚಲದ್ದು ಯಾರೂ ಮುಟ್ಟಬೇಡಿ, ಅದು ನನ್ನ ಮಾನದ ಪ್ರಶ್ನೆ" ಎಂದು ಕಾರ್ಯದರ್ಶಿ ಒಬ್ಬನೇ ಅದರ ಮುಂದೆ ಮಂಡಿಯೂರಿದ. ಕದವನ್ನು ಕೀಲಿನಿಂದಲೇ ಕಳಚಿ ಗೋಡೆಗೆ ಒರಗಿಸಿ, ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, ತನಗೆ ಎದುರಾದ ಮೈಮೇಲೆ ಹೊಸ ಚಿಲಕವನ್ನು ಎಂಟು ಸ್ಕ್ರೂ ಹಾಕಿ ಬಿಗಿದ. ಎದ್ದು, ಕದವನ್ನು ಮತ್ತೆ ಕೀಲಿಗೆ ಕೂರಿಸಿ, ಬೆವರು ಒರೆಸಿಕೊಂಡ.

"ಬಾ ಅಕ್ಕಾ, ನೋಡು. ನಾನೇ ಒಳಗೆ ಹೋಗಿ ಚಿಲಕ ಹಾಕಿ, ತೆಗೆದು ತೋರಿಸ್ತೀನಿ."

ಒಳಗೆ ಹೋಗಿ ಕದ ಮುಚ್ಚಿಕೊಂಡ. ಆಮೇಲೆ ಮರದ ಮೇಲೆ ಕೈ ಸವರುವ ಸದ್ದು ಕೇಳಿಸಿತು, ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ.

"ಅಕ್ಕಾ, ಚಿಲಕ ಎಲ್ಲಿ ಹೋಯ್ತು?"

ಚಿಲಕ ಅಕ್ಕನ ಕಣ್ಣೆದುರಿಗೇ ಫಳಫಳ ಹೊಳೆಯುತ್ತಿತ್ತು, ಕದದ ಹೊರಮೈಯಲ್ಲಿ. ಅಕ್ಕ ಅದನ್ನು ಒಂದು ಬೆರಳಿನಿಂದ ಸರಿಸಿದಳು. ಬೆಣ್ಣೆಯ ಹಾಗೆ ಹೋಯಿತು.

"ಒಳ್ಳೇ ಕೆಲಸ ಮಾಡಿದೀಯ ಪುಟ್ಟಾ. ಎಷ್ಟು ನಯವಾಗಿ ಹೋಗತ್ತೆ."

"ಅಕ್ಕಾ?"

"ಹತ್ತು ದಿನಕ್ಕೆ ಅಂತ ಬಂದಿದ್ದೆ" ಎಂದಳು ಅಕ್ಕ. "ಇಂಥಾ ಚಿಲಕ ಇರೋ ಮನೇಲಿ ಎರಡು ತಿಂಗಳು ಧಾರಾಳವಾಗಿ ಇರಬಹುದು. ಏನೇ, ನನ್ನ ಪೆಟ್ಟಿಗೆ ಒಳಗೆ ಇಡೇ."

ನಾದಿನಿ ಓಡಿಹೋಗಿ ಪೆಟ್ಟಿಗೆಯನ್ನು ಹೊಸ್ತಿಲಿಂದ ಎತ್ತಿ ಒಳಗಿಟ್ಟ ಸದ್ದು ಬಚ್ಚಲಿಗೂ ಕೇಳಿಸಿತು. ಕಾರ್ಯದರ್ಶಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. ಕತ್ತಲಲ್ಲಿ ಒಬ್ಬನೇ ನಗುತ್ತಿದ್ದ.

ಹೊರಗೆ ಸ್ಟೂಲು ಎಳೆದ ಸದ್ದಾಯಿತು. ಅಕ್ಕ ಕೂತಳು, ಕನ್ನಡಕ ಹಾಕಿಕೊಂಡಳು. ಹಿಡಿ ಸುತ್ತಿದ್ದ ಕಾಗದವೊಂದನ್ನು ಮೊಣಕಾಲ ಮೇಲೆ ಇಟ್ಟು, ಅಂಗೈಯಿಂದ ತೀಡಿ ಸುಕ್ಕು ಬಿಡಿಸಿದಳು.

"ಎರಡು ಗಂಟೆ ಬೇಸರ ಆಗಬಾರದಲ್ಲ. ಪತ್ರಿಕೆ ಸಿಗಲಿಲ್ಲ, ನೀನು ಬರೆದಿದ್ದೇ ಓದ್ತೀನಿ. ಒಂದು: ಹಿಡಿ, ಚಿಲಕ ಮುಂತಾದವನ್ನು ಒಯ್ಯುವವರನ್ನು ತಡೆದು ನಿಲ್ಲಿಸತಕ್ಕದ್ದು. ಕೇಳಿಸ್ತಾ ಇದೆಯೇನೋ?"

"ಕೇಳಿಸ್ತಿದೆ ಅಕ್ಕಾ" ಎಂದಿತು ಬಚ್ಚಲು. "ಎರಡನೇದು ಇನ್ನೂ ಚೆನ್ನಾಗಿದೆ. ಸ್ವಲ್ಪ ಜೋರಾಗಿ ಓದು."